ಹೊನ್ನೂರಮ್ಮನ ಮಿಲ್ಲು ಸರಿದ ದಿಕ್ಕು

ಬೇರೆ ಊರುಗಳಲ್ಲಿ ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದಂತೆ. ನಮ್ಮೂರಿನಲ್ಲಿ ಅಂಗಡಿ ಸರಿಯುತ್ತದೆ. ಯಾರು ನೆನೆದರೋ ಅವರ ಕಡೆಗೆ, ಒಂದು ಗೇಣೋ ಒಂದು ಮೊಳವೋ, ಯಾರೂ ನೋಡದ ಹೊತ್ತು ಸಾಧಿಸಿ. ಬೆಳಿಗ್ಗೆ ಬಾಗಿಲು ತೆರೆಯಲು ಬಂದವರು ಮೊದಲು ಅಂಗಡಿ ಎಲ್ಲಿದೆಯೆಂದು ಕತ್ತು ಚಾಚಿ ನೋಡಿ, ಆಮೇಲೆ ಬೀಗದ ಕೈ ತಡಕುತ್ತಾರೆ. ಜನರ ಬಾಯಲ್ಲೂ ಮನಸ್ಸಿನಲ್ಲೂ ಇರುವ ಅಂಗಡಿಗಳು ಹೀಗೆ ಸರಿದು ಸರಿದು ಊರ ನಡುವಿನ ಚೌಕದ ಸುತ್ತ ಒತ್ತಿಕೊಂಡು ನಿಂತಿವೆ. ಯಾರ ನೆನಪಿಗೂ ಬಾರದವು ಅವಕ್ಕೆ ಜಾಗ ಬಿಟ್ಟುಕೊಡುತ್ತ, ಮದುವೆಮನೆಯಲ್ಲಿ ಪರಿಚಯವಿಲ್ಲದವರು ಹಿಂದಿನ ಸಾಲಿಗೆ ಸರಿಯುವಂತೆ, ಅಂಚಿಗೆ ಹೋಗುತ್ತವೆ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಅಂಚೆಯವರು ಬಾಗಿಲ ಸಂಖ್ಯೆ ನೋಡುವುದಿಲ್ಲ, ಹೆಸರು ಕೂಗಿಕೊಂಡು ಹೋಗುತ್ತಾರೆ. ಕರೆಂಟಿನವರು ಪ್ರತಿ ಅಂಗಡಿಗೂ ಬೇಕಾದ್ದಕ್ಕಿಂತ ಹೆಚ್ಚು ವೈರು ಕೊಟ್ಟು, ಉಳಿದದ್ದನ್ನು ಕಂಬದ ಮೇಲೆ ಸುರುಳಿ ಸುತ್ತಿಡುತ್ತಾರೆ. ಜಿಲೇಬಿಯವರು ಶಾಲೆ ಬಿಡುವ ಹೊತ್ತಿಗೇ ಎಣ್ಣೆ ಕಾಯಿಸುತ್ತಾರೆ. ಕ್ಷೌರದಂಗಡಿಯವರಂತೂ ಕತ್ತರಿ ಹಿಡಿದ ಕೂಡಲೇ ಒಂದು ಕಥೆ ಶುರುಮಾಡಿ, ಕೂದಲು ಮುಗಿದಲ್ಲಿಗೆ ಕಥೆಯನ್ನೂ ಕತ್ತರಿಸಿಬಿಡುತ್ತಾರೆ. ಮುಂದೇನಾಯಿತೆಂದು ಗಂಡಸರು ಮತ್ತೆ ಕೂದಲು ಬೆಳೆಯುವವರೆಗೂ ಯೋಚಿಸುತ್ತಿರಬೇಕು. ಆ ಅಂಗಡಿ ಚೌಕ ಬಿಟ್ಟು ಕದಲಿದ್ದನ್ನು ನಾನು ಕಂಡಿಲ್ಲ.

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ನಾನು ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವ ಕೆಲಸ ಹಿಡಿದೆ. ಅದರಲ್ಲಿ ಮಾತು ಕಡಿಮೆ. ಎದುರಿಗೆ ಯಾರಾದರೂ ನಿಂತರೆ ನನಗೆ ಹೇಳಬೇಕಾದ್ದೆಲ್ಲ ಅವರು ಹೋದ ಮೇಲೆ ಹೊಳೆಯುತ್ತದೆ. ಪರದೆಯ ಮುಂದೆ ಹಾಗಲ್ಲ, ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದು. ಮೊದಲು ಮಾಡಿಕೊಟ್ಟದ್ದು ಬಳೆ ಸಾದಿಕ್ ಅವರಿಗೆ. ಯಾವ ಸೀರೆಗೆ ಯಾವ ಬಳೆ ಎಂದು ಹೆಂಗಸರು ಫೋನಿನಲ್ಲೇ ಜೋಡಿಸಿ ನೋಡುವಂಥ ಒಂದು ಪುಟ. ಮಳೆಗಾಲ ಮುಗಿಯುವುದರೊಳಗೆ ಅವರ ಅಂಗಡಿ ಹಿಂದಿನ ಓಣಿಯಿಂದ ಮುಖ್ಯ ಬೀದಿಯ ಮೂಲೆಗೆ ಬಂದು ಕೂತಿತು.

ಆ ಸುದ್ದಿ ಕೇಳಿಕೊಂಡೇ ಹೊನ್ನೂರಮ್ಮ ನಮ್ಮ ಮನೆಗೆ ಬಂದದ್ದು. ಹಿಟ್ಟಿನ ಮಿಲ್ಲಿನ ಒಡತಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಹುಬ್ಬಿನ ಮೇಲೆ ಹಿಟ್ಟು, ಕಿವಿಯ ಸಂದಿಯಲ್ಲಿ ಹಿಟ್ಟು. ಅವಳ ತಲೆ ನೆರೆತಿದೆಯೋ ಇಲ್ಲವೋ ಊರಲ್ಲಿ ಯಾರಿಗೂ ಗೊತ್ತಿಲ್ಲ.

"ಏನವ್ವಾ, ಸಾದಿಕ್ಕನ ಅಂಗಡಿ ಎಳ್ದೋಳು ನೀನೇನಾ?" ಬಾಗಿಲಲ್ಲೇ ನಿಂತು ಕೇಳಿದಳು. ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾದ ಗಂಟಲು. ಒಳಗೆ ನಮ್ಮಮ್ಮನ ಕೈಯಿಂದ ಲೋಟ ಬಿತ್ತು.

"ನಾನಲ್ಲ, ವೆಬ್‌ಸೈಟು..." ಎಂದೆ, ನೆಲ ನೋಡುತ್ತ.

"ಅದ್ಯಾವ್ದೋ ಒಂದು. ಎತ್ತಾದ್ರೂ ಸರಿ, ಹಗ್ಗ ಆದ್ರೂ ಸರಿ. ನನ್ ಮಿಲ್ಲನ್ನೂ ಎಳೀಬೇಕು ನೀನು. ಕೊನೇ ಕಂಬದ ತಾವ ಬಂದು ನಿಂತೈತೆ ಕಣವ್ವಾ. ಅದನ್ನ ದಾಟಿದ್ರೆ ಆಮ್ಯಾಕೆ ಕರೆಂಟೇ ಇಲ್ಲ."

ಅವಳು ಹೇಳಿದ್ದು ನಿಜ. ಮರುದಿನ ಹೋಗಿ ನೋಡಿದೆ. ಊರಿನ ಕೊನೆಯ ಕಂಬ ಬಸ್ಸು ಹೊರಗೆ ಹೋಗುವ ರಸ್ತೆಯ ಮೇಲಿದೆ. ಅದರಾಚೆ ಬಯಲು, ಬಯಲಿನಾಚೆ ಬೇರೆ ಬೇರೆ ಊರುಗಳು. ಇಟ್ಟಿಗೆ ಗೋಡೆ, ತಗಡಿನ ಮಾಡು, ಮುಂದಿನ ಕಟ್ಟೆಯ ಸಮೇತ ಮಿಲ್ಲು ಆ ಕಂಬದ ಬುಡಕ್ಕೆ ಬಂದಿತ್ತು. ಲೈನ್‌ಮನ್ ತಿಪ್ಪೇಶಿ ಏಣಿ ಒರಗಿಸಿಕೊಂಡು ಬೀಡಿ ಸೇದುತ್ತಿದ್ದ.

"ಮುಂದೆ ಕಂಬ ಹಾಕೋಕೆ ಆಗಲ್ವಾ?" ಎಂದು ಕೇಳಲು ನಾನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

"ಊರು ಮುಗೀತಲ್ಲ ಮೇಡಮ್ಮೋರೇ," ಎಂದ ಅವನು. "ಸುರುಳೀಲಿ ಇರೋಷ್ಟು ಬಿಡ್ತೀನಿ. ಆಮೇಲೆ ವೈರು ಬಿಗಿದು ಕಂಬ ಎಳ್ಕೊಂಡ್ ಬಿತ್ತು ಅಂದ್ರೆ ನನ್ ನೌಕರಿ ಹೋಗ್ತದೆ. ಅದಕ್ಮುಂಚೆ ನಾನೇ ಕತ್ತರಿಸ್ಬೇಕಾಗ್ತದೆ."

"ಕತ್ತರಿಸೋ ಮೊದ್ಲು ನನ್ನ ಕೇಳು. ನಿನ್ ಹೆಂಡ್ತಿ ಒತ್ತುಶ್ಯಾವಿಗೆ ಹಿಟ್ಟು ಇನ್ನೂ ಇಲ್ಲೇ ಐತೆ," ಎಂದಳು ಹೊನ್ನೂರಮ್ಮ.

ಆ ದಿನ ನಾನು ಮಿಲ್ಲಿನ ವಿಡಿಯೋ ತೆಗೆದೆ. ತಗಡಿನ ಬಾಯಿಗೆ ಗೋಧಿ ಸುರಿಯುವುದು, ಬೆಲ್ಟು ಓಡುವುದು, ಬಟ್ಟೆಯ ತೋಳಿನೊಳಗಿಂದ ಹಿಟ್ಟು ಉಸಿರು ಬಿಟ್ಟಂತೆ ಡಬ್ಬಿಗೆ ಇಳಿಯುವುದು, ಕಿಟಕಿಯ ಬಿಸಿಲಿನಲ್ಲಿ ಹಿಟ್ಟಿನ ಧೂಳು ತೇಲುವುದು. ಹೊನ್ನೂರಮ್ಮ ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸುವುದು. ಅದಕ್ಕೆ ಕೆಳಗೆ ಒಂದಿಷ್ಟು ಬರೆದೆ: ಅಮ್ಮನ ಸೆರಗು ಹಿಡಿದು ಮಿಲ್ಲಿಗೆ ಹೋಗುವುದು, ಬೆಚ್ಚನೆಯ ಡಬ್ಬಿಯನ್ನು ಎದೆಗವಚಿಕೊಂಡು ಮರಳುವುದು. ನನಗೇ ಕಣ್ಣು ತುಂಬಿ ಬಂತು. ವೆಬ್‌ಸೈಟು ಕಟ್ಟಿ, ಮೊದಲ ಪುಟದಲ್ಲಿ ಆ ವಿಡಿಯೋ ಇಟ್ಟು, ನಾಲ್ಕು ಕಡೆ ಹಂಚಿದೆ.

ಅದು ಹಬ್ಬಿದ ರೀತಿ ನಾನು ಎಣಿಸಿರಲಿಲ್ಲ. ಒಂದು ವಾರದಲ್ಲಿ ಸಾವಿರಾರು ಜನ ನೋಡಿದರು. ನಾನು ಹೆಸರು ಕೇಳದ ಊರುಗಳಿಂದ ಮಾತುಗಳು ಬಂದವು. ನನ್ನ ಬಾಲ್ಯ ಕಣ್ಮುಂದೆ ಬಂತು ಎಂದು ಒಬ್ಬರು. ಈ ಸದ್ದು ಕೇಳಿಕೊಂಡೇ ನಿದ್ದೆ ಮಾಡುತ್ತೇನೆ ಎಂದು ಇನ್ನೊಬ್ಬರು. ಯಾವುದೋ ಕಂಪನಿಯವರು ತಮಗೂ ಇಂಥದ್ದೇ ಮಾಡಿಕೊಡಬೇಕೆಂದು ಬರೆದರು. ಆ ದಿನ ದಿನಚರಿಯಲ್ಲಿ 'ಜನ ನನ್ನನ್ನು ನೋಡಿದರು' ಎಂದು ಬರೆದು, ಹೆಮ್ಮೆ ಅತಿಯಾಯಿತೆನಿಸಿ 'ನನ್ನ ಕೆಲಸವನ್ನು' ಎಂದು ತಿದ್ದಿದೆ.

ಮಿಲ್ಲು ಸರಿಯಿತು. ಒಂದು ಗೇಣಲ್ಲ, ಮೊಳವಲ್ಲ. ಒಮ್ಮೆಗೇ ಒಂದು ಎತ್ತಿನ ಗಾಡಿಯುದ್ದ ಸರಿಯಿತೆಂದು ಸುದ್ದಿ ಬಂತು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಹೊನ್ನೂರಮ್ಮ ಹೊರಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಿಪ್ಪೇಶಿ ಕಂಬದ ಮೇಲಿದ್ದ. ಇಬ್ಬರೂ ನನ್ನನ್ನು ನೋಡಿದ ನೋಟದಲ್ಲಿ ಸಂತೋಷವಿರಲಿಲ್ಲ. ಮಿಲ್ಲು ಕಂಬವನ್ನು ದಾಟಿ ಆಚೆ ಹೋಗಿತ್ತು.

"ಎಳಿ ಅಂದೆ, ಸರಿ," ಎಂದಳು ಹೊನ್ನೂರಮ್ಮ. "ಯಾವ ಕಡೀಕ್ ಎಳೀತಾ ಇದೀಯಾ ತಾಯಿ?"

ಮೊದಲು ನನಗೆ ಅರ್ಥವಾಗಲಿಲ್ಲ. ನೆನೆದರೆ ಅಂಗಡಿ ಹತ್ತಿರ ಬರುತ್ತದೆ. ಇದು ನಮ್ಮೂರಿನಲ್ಲಿ ಮಗುವಿಗೂ ಗೊತ್ತು. ಆದರೆ ಇಷ್ಟು ಕಾಲ ನಮ್ಮ ಅಂಗಡಿಗಳನ್ನು ನೆನೆದವರೆಲ್ಲ ನಮ್ಮೂರಿನವರೇ. ಹೊರಗಿನವರು ನಮ್ಮನ್ನು ನೆನೆಯಲು ಅವರಿಗೆ ನಾವಿರುವುದಾದರೂ ಎಲ್ಲಿ ಗೊತ್ತಿತ್ತು? ನಾನು ಬಯಲಿನಾಚೆ ನೋಡಿದೆ. ಆ ಊರುಗಳಲ್ಲಿ ಯಾರ್ಯಾರೋ ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ಹೊನ್ನೂರಮ್ಮನ ಮಿಲ್ಲನ್ನು ನೆನೆಯುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ಎಳೆ. ಎಲ್ಲ ಸೇರಿ ಹಗ್ಗವಾಗಿತ್ತು.

ತಡವರಿಸುತ್ತ ಅದನ್ನು ಹೇಗೋ ಹೇಳಿದೆ. ಫೋನಿನಲ್ಲಿ ಬಂದ ಮಾತುಗಳನ್ನು ಓದಿ ತೋರಿಸಿದೆ.

"ಅವನ ಬಾಲ್ಯ ಅವನ ತಾವ ಇರ್ಲಿ. ನನ್ ಮಿಲ್ಲನ್ನ ಯಾಕ್ ಎಳೀತೈತೆ ಅದು?" ಎಂದಳು ಹೊನ್ನೂರಮ್ಮ. ಫೋನಿನ ಮೇಲೆ ಬಾಗಿ ಕೇಳಿದಳು, "ಇಷ್ಟು ಜನದಾಗೆ ಒಬ್ರಾದ್ರೂ ಒಂದು ಸೇರು ಗೋಧಿ ಬೀಸಿಸ್ಬೇಕು ಅಂದ್ರಾ?"

ಇಲ್ಲ. ಯಾರೂ ಅಂದಿರಲಿಲ್ಲ. ಮಿಲ್ಲಿನ ಕಟ್ಟೆಯ ಮೇಲೆ ಆ ಹೊತ್ತಿನಲ್ಲಿ ಒಂದು ಡಬ್ಬಿಯೂ ಇರಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತೆ. ನಾನು ಮಾಡಿದ್ದನ್ನು ಅಷ್ಟು ಜನ ಮೆಚ್ಚಿದ್ದು ಅದೇ ಮೊದಲು. ನನ್ನ ದನಿ ಕೇಳಿಸದೆ, ಮುಖ ಕಾಣಿಸದೆ, ನಾನು ಯಾರಿಗೋ ಇಷ್ಟವಾಗಿದ್ದೆ. ಕಂಪನಿಯವರಿಗೆ ಉತ್ತರವನ್ನೂ ಬರೆದಿಟ್ಟಿದ್ದೆ, ಕಳಿಸಿರಲಿಲ್ಲ. ವಿಡಿಯೋವನ್ನು ಕೊನೆಯ ಸಲ ಪೂರ್ತಿ ನೋಡಿ, ಅಳಿಸಿದೆ. ಆ ಉತ್ತರವನ್ನೂ ಅಳಿಸಿದೆ. ತೋರಿಸಲು ನನ್ನ ಹತ್ತಿರ ಇನ್ನೇನಿತ್ತು?

ಆದರೆ ನೆನಪು ಗುಂಡಿ ಒತ್ತಿದರೆ ಅಳಿಯುವಂಥದ್ದಲ್ಲ. ಮಿಲ್ಲು ಮೆಲ್ಲಮೆಲ್ಲಗೆ ಆಚೆಗೇ ಸರಿಯುತ್ತಿತ್ತು. ಕಂಬದ ಮೇಲಿನ ಸುರುಳಿ ತೆಳುವಾಗುತ್ತಿತ್ತು. ಊರಿನ ಕಡೆಯಿಂದ ಎಳೆಯುವವರು ಬೇಕಿತ್ತು, ಯಾರೂ ಇರಲಿಲ್ಲ. ಯಾಕಿಲ್ಲ ಎಂದು ನಾನು ಮೊದಲೇ ಕೇಳಬೇಕಿತ್ತು. ಕೇಳದೆ ವಿಡಿಯೋ ಮಾಡಲು ಹೋಗಿದ್ದೆ. ಕೇಳಲು ನನಗೆ ಧೈರ್ಯವಿದ್ದದ್ದು ಒಬ್ಬರ ಹತ್ತಿರ ಮಾತ್ರ.

ಅಮ್ಮ ಪ್ಯಾಕೆಟ್ಟಿನ ಹಿಟ್ಟಿನಲ್ಲಿ ಚಪಾತಿ ಲಟ್ಟಿಸುತ್ತಿದ್ದಳು.

"ಅಮ್ಮಾ, ನೀನ್ಯಾಕೆ ಮಿಲ್ಲಿಗೆ ಹೋಗಲ್ಲ?"

"ಹೋಗ್ತಿದ್ದೆನಲ್ಲ ಮೊದ್ಲು. ಒಂದ್ಸಲ ಗೋಧಿ ಹೊತ್ಕೊಂಡ್ ಹೋದೆ, ಅದೇ ಆಗ ಯಾರಿಗೋ ಖಾರದ ಪುಡಿ ಮಾಡಿ ಮುಗ್ಸಿದ್ಲು ಪುಣ್ಯಾತ್ಗಿತ್ತಿ. ಚಪಾತಿ ತಿಂದು ನಿಮ್ಮಪ್ಪ ಒಂದು ಕೊಡ ನೀರು ಕುಡಿದ್ರು. ಇನ್ನೊಂದ್ಸಲ ಹೋದೆ, ಈಗ ಮೆಣಸಿನಕಾಯಿ ಹಾಕಿದೀನಿ ಸಂಜೆ ಬಾ ಅಂದ್ಲು. ಹೊತ್ಕೊಂಡ್ ಹೋಗಿ ಹೊತ್ಕೊಂಡ್ ಬರೋಕೆ ನಾನೇನು ಕತ್ತೇನಾ? ಮಿಷನ್ನಲ್ಲಿ ಏನೈತೆ ಅಂತ ಮನೇಲಿ ಕೂತೋರಿಗೆ ಹೆಂಗೆ ಗೊತ್ತಾಗ್ಬೇಕು?"

ನಾನು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಅಮ್ಮ ಹಿಟ್ಟಿನ ಕೈಯಲ್ಲೇ ಹಣೆ ಮುಟ್ಟಿ ಜ್ವರವೇನೋ ಎಂದು ನೋಡಿದಳು.

ಹೊನ್ನೂರಮ್ಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಬೆಳಿಗ್ಗೆ ರಾಗಿ, ಆಮೇಲೆ ಗೋಧಿ, ಅಕ್ಕಿ. ಖಾರ ಏನಿದ್ದರೂ ಮಧ್ಯಾಹ್ನದ ಮೇಲೆ, ಎಲ್ಲಕ್ಕೂ ಕೊನೆಗೆ ಎಂದು ನಾನು ಹೇಳಿದ್ದಕ್ಕೆ ಅವಳು ಕೆರಳಿದಳು. "ಮುಂಜಾನೆ ಖಾರ ತಂದೋಳ್ನ ಹೋಗು ಅನ್ಲಾ? ಬಾಯಿ ಬಿಟ್ಟು ಕೇಳ್ದೋರಿಗೆ ಇಲ್ಲ ಅಂದು ಗೊತ್ತಿಲ್ಲ ನನಗೆ." 

"ಒಬ್ಬರಿಗೆ ಇಲ್ಲ ಅನ್ನೋಕಾಗದೆ ಹತ್ತು ಜನರ ಚಪಾತಿ ಖಾರ ಮಾಡ್ತಿದೀರಾ," ಎಂದೆ. ಎದುರಿಗಿದ್ದವರಿಗೆ, ಅವರು ಹೋಗುವ ಮೊದಲೇ, ಹೇಳಬೇಕಾದ್ದನ್ನು ಹೇಳಿದ್ದು ನಾನು ಅದೇ ಮೊದಲು. ಹೇಳಿ ಹೆದರಿದೆ. 

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಯಿ ಐತಲ್ಲವ್ವ ನಿನಗೂ," ಎಂದು ಮಿಷನ್ನಿನ ಬೆಲ್ಟು ಸರಿಮಾಡಲು ಹೋದಳು. ಅದೇ ಒಪ್ಪಿಗೆ.

ವೆಬ್‌ಸೈಟಿನ ಮೊದಲ ಪುಟದಲ್ಲಿ ಈಗ ಒಂದೇ ಒಂದು ದೊಡ್ಡ ಚಿತ್ರ. ರಾಗಿಯ ಚಿತ್ರವಿದ್ದರೆ ಮಿಷನ್ನಿನಲ್ಲಿ ರಾಗಿ, ಮೆಣಸಿನಕಾಯಿ ಇದ್ದರೆ ಖಾರ. ಹೊನ್ನೂರಮ್ಮ ತನ್ನ ಫೋನಿನಲ್ಲಿ ಒತ್ತಿದರೆ ಚಿತ್ರ ಬದಲಾಗಬೇಕು. ಆದರೆ ಹಿಟ್ಟು ಮೆತ್ತಿದ ಬೆರಳು ಫೋನಿಗೆ ತಿಳಿಯಲಿಲ್ಲ. ಸೀರೆಗೆ ಒರೆಸಿದಳು, ಸೀರೆಯಲ್ಲೂ ಹಿಟ್ಟು. ಕಡೆಗೆ ಮೂಗಿನ ತುದಿಯಲ್ಲಿ ಒತ್ತುವುದನ್ನು ಕಲಿತಳು. "ನಮಸ್ಕಾರ ಮಾಡ್ದಂಗೆ ಆಗ್ತದೆ, ಒಳ್ಳೇದೇ," ಎಂದಳು.

ನನ್ನ ಪುಟವನ್ನು ಯಾರೂ ನೋಡಲಿಲ್ಲ. ಅಮ್ಮನೇ ನೋಡಲಿಲ್ಲ. "ಬೆಳಿಗ್ಗೆ ನನ್ ಕೈ ಒದ್ದೆ ಇರ್ತವೆ ಕಣೇ, ಅದನ್ನೊತ್ತು ಇದನ್ನೊತ್ತು ಅಂತ ಕೂರಕ್ಕಾಗ್ತದಾ? ಯಾರಾದ್ರೂ ಬಾಯಲ್ಲಿ ಹೇಳಿದ್ರೆ ಕೇಳಿಸ್ಕೋಬೋದು." ಸಾದಿಕ್ ಅವರ ಬಳೆಯ ಪುಟದಿಂದಾಗಿ ಊರಿನ ಹೆಂಗಸರದೊಂದು ವಾಟ್ಸಾಪ್ ಗುಂಪು ಆಗಲೇ ಇತ್ತು. ಅದರಲ್ಲಿ ದಿನಾ ಬೆಳಿಗ್ಗೆ ದನಿಯಲ್ಲಿ ಹೇಳಿ ಕಳಿಸುವುದೆಂದಾಯಿತು. ಮೊದಲ ದಿನ ಹೊನ್ನೂರಮ್ಮನೇ ಹೇಳಿದಳು. ಅವಳ ಗಂಟಲು ಕೇಳಿ ಜೋಳಿಗೆಯಲ್ಲಿದ್ದ ಕೂಸೊಂದು ಕಿರುಚಿಕೊಂಡಿತೆಂದು ಅದರ ಅಜ್ಜಿ ಜಗಳಕ್ಕೆ ಬಂದರು.

"ನೀನೇ ಮಾತಾಡವ್ವಾ," ಎಂದಳು ಹೊನ್ನೂರಮ್ಮ. "ನನ್ನದು ಮಿಷನ್ ಬಾಯಿ."

ನಾನು ಆಗುವುದಿಲ್ಲ ಎಂದೆ. ಬರೆದು ಕಳಿಸುತ್ತೇನೆ ಎಂದೆ. ಅವಳು ಹೊರಗೆ ಕೈತೋರಿಸಿದಳು. ಸುರುಳಿ ಮುಗಿದಿತ್ತು. ಕಂಬದಿಂದ ಮಿಲ್ಲಿನವರೆಗೆ ವೈರು ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದು ನಿಂತಿತ್ತು. ಕೆಳಗೆ ತಿಪ್ಪೇಶಿ ತಲೆ ತಗ್ಗಿಸಿ ನಿಂತಿದ್ದ. ಅವನ ಕೈಯಲ್ಲಿ ಆ ದಿನ ಬೀಡಿಯಿರಲಿಲ್ಲ, ಕಟಿಂಗ್ ಪ್ಲೇಯರ್ ಇತ್ತು.

"ನಾಳೆ ಬೆಳಿಗ್ಗೆ ನೋಡ್ತೀನಿ ಅಕ್ಕಾ," ಎಂದ. "ಇನ್ನೊಂದು ಗೇಣು ಸರಿದಿದ್ರೆ, ನನ್ನ ಬೈಕೋಬೇಡ."

ಮಿಲ್ಲಿನ ಹಿಂದಿನ ಗೋಡೆಗೆ ಮುಖ ಮಾಡಿ ನಿಂತು, ಫೋನನ್ನು ಬಾಯಿಗೆ ಹಿಡಿದೆ. ಯಾರಿಗೆ ಹೇಳುತ್ತಿದ್ದೇನೆಂದು ಯೋಚಿಸಿದರೆ ಮಾತೇ ಬರುತ್ತಿರಲಿಲ್ಲ, ಅದಕ್ಕೆ ಅಮ್ಮನಿಗೆ ಹೇಳುತ್ತಿದ್ದೇನೆಂದುಕೊಂಡೆ. "ನಾನು ಕುಮುದಾ. ಹೊನ್ನೂರಮ್ಮನ ಮಿಲ್ಲಿಂದ. ಈಗ ಮಿಷನ್ನಲ್ಲಿ ರಾಗಿ ನಡೀತಿದೆ. ರಾಗಿ ಆದ ಮೇಲೆ ಗೋಧಿ. ಮಧ್ಯಾಹ್ನದವರೆಗೂ ಖಾರ ಹಾಕಲ್ಲ. ಯಾರು ಬಂದು ಕೇಳಿದ್ರೂ ಹಾಕಲ್ಲ. ಅಂಗಡಿ ಈಗ ಸ್ವಲ್ಪ ದೂರ ಇದೆ. ಗೋಧಿ ತಂದರೆ ಹತ್ತಿರ ಆಗುತ್ತೆ." ಕೊನೆಯ ಮಾತು ನಾನು ಯೋಚಿಸಿ ಹೇಳಿದ್ದಲ್ಲ. ಅಳಿಸಿ ಮತ್ತೆ ಹೇಳೋಣವೆಂದುಕೊಳ್ಳುವಷ್ಟರಲ್ಲಿ ಬೆರಳು ಜಾರಿ, ಮಾತು ಗುಂಪಿಗೆ ಹೋಗಿಬಿಟ್ಟಿತ್ತು.

ಆ ದಿನ ಇಬ್ಬರು ಬಂದರು. ಒಬ್ಬಾಕೆ ಗೋಧಿ ತಂದಿದ್ದರು. ಇನ್ನೊಬ್ಬಾಕೆ ಬರಿಗೈಯಲ್ಲಿ ಬಂದು, ಮಿಷನ್ನಿನ ಬಾಯಿಯನ್ನು ಮೂಸಿ ನೋಡಿ, ಖಾರವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ತಿಪ್ಪೇಶಿ ಬಂದು, ಕಟ್ಟೆಯ ಪಕ್ಕ ಹಿಂದಿನ ದಿನ ತಾನೇ ಎಳೆದಿದ್ದ ಸುಣ್ಣದ ಗೆರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಕಟ್ಟೆ ಗೆರೆಯ ಮೇಲೇ ಇತ್ತು. ಆಚೆಗೂ ಹೋಗಿರಲಿಲ್ಲ, ಈಚೆಗೂ ಬಂದಿರಲಿಲ್ಲ. ಅವನು ಪ್ಲೇಯರನ್ನು ಜೇಬಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ, "ಇವತ್ತು ಏನು ಮೊದ್ಲು, ರಾಗೀನೇನಾ?" ಎಂದ. ಅವನ ಹೆಂಡತಿಯ ಫೋನಿನಲ್ಲಿ ಕೇಳಿದ್ದನಂತೆ.

ಅಲ್ಲಿಂದ ಮುಂದೆ ದಿನಾ ಹೇಳಿದೆ. ಹೆದರಿಕೆ ಹೋಯಿತೆಂದು ಹೇಳಲಾರೆ. ಹೆದರಿಕೊಂಡೇ ಹೇಳುವುದು ರೂಢಿಯಾಯಿತು. ಅಮ್ಮನೂ ಒಂದು ದಿನ ಗೋಧಿ ಹೊತ್ತು ಬಂದು, ಹೊನ್ನೂರಮ್ಮನ ಜೊತೆ ಹಳೆಯ ಖಾರದ ಲೆಕ್ಕ ತೀರುವಷ್ಟು ಜಗಳವಾಡಿ, ಬಿಸಿ ಹಿಟ್ಟು ತೆಗೆದುಕೊಂಡು ಹೋದಳು. ಕಟ್ಟೆಯ ಮೇಲೆ ಡಬ್ಬಿಗಳ ಸಾಲು ಕಾಣತೊಡಗಿತು. ಮಿಲ್ಲು ಮಾತ್ರ ನಿಂತಲ್ಲೇ ನಿಂತಿತ್ತು, ಎರಡು ಕಡೆಯವರೂ ಸಮಸಮ ಎಳೆಯುತ್ತಿರುವ ಹಗ್ಗದ ಗಂಟಿನ ಹಾಗೆ.

ಹೀಗಿರುವಾಗ ನನ್ನ ಗಂಟಲು ಕಟ್ಟಿತು. ನೆಗಡಿ, ಜ್ವರ, ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಬೆಳಿಗ್ಗೆ ಗುಂಪಿಗೆ ಏನೂ ಕಳಿಸಲಿಲ್ಲ. ಒಂದು ದಿನದ ಮೌನಕ್ಕೇ ಮಿಲ್ಲು ಬಯಲಿಗೆ ಹೋಗಿಬಿಡುವ ಚಿತ್ರ ಕಣ್ಣಮುಂದೆ ಬಂತು. ಅಮ್ಮ ಬೇಡವೆಂದರೂ ಕೇಳದೆ ಶಾಲು ಹೊದ್ದು ಹೊರಟೆ. ದಾರಿಯಲ್ಲಿ ಫೋನು ಕುಂಯ್ ಕುಂಯ್ ಎನ್ನುತ್ತಲೇ ಇತ್ತು. ತೆರೆದು ಕಿವಿಗಿಟ್ಟುಕೊಂಡೆ.

"ಏನ್ರೇ, ಇವತ್ತು ಆ ಹುಡುಗಿ ಮಾತಾಡ್ಲಿಲ್ಲ. ರಾಗಿ ಆಯ್ತಾ, ಇನ್ನೂ ಇದೆಯಾ?"

"ನಡೀತೈತೆ ಕಣ್ರೀ, ನಾನ್ ಇಲ್ಲೇ ನಿಂತಿದೀನಿ. ನನ್ನ ಮುಂದೆ ಮೂರು ಡಬ್ಬಿ ಅವೆ."

"ಗೋಧಿ ಶುರುವಾದ್ರೆ ಹೇಳ್ರವ್ವಾ, ಒಲೆ ಮೇಲೆ ಸಾರಿಟ್ಟಿದೀನಿ, ಇಳಿಸಿ ಬರ್ತೀನಿ."

"ಖಾರ ತಂದೋಳೊಬ್ಳು ಬಂದವಳೆ. ನಾವ್ ಬಿಡ್ತೀವಾ? ಕೂರ್ಸಿದೀವಿ ಆ ಕಡೆ."

"ಹುಡುಗಿಗೆ ಹುಷಾರಿಲ್ಲಂತೆ. ಪಾಪ, ಮೆಣಸಿನ ಕಷಾಯ ಕುಡೀಲಿ."

ನಾನು ಕೇಳಿಸಿಕೊಳ್ಳುತ್ತ ಬಸ್ಸಿನ ರಸ್ತೆಗೆ ತಿರುಗಿದೆ. ದೂರದಿಂದಲೇ ಕಂಬದ ಮೇಲೆ ತಿಪ್ಪೇಶಿ ಕಂಡ. ವೈರು ಕತ್ತರಿಸಲೇ ಹತ್ತಿದ್ದಾನೆಂದು ಓಡಿದೆ. ಹತ್ತಿರ ಹೋದಾಗ ನೋಡಿದೆ: ವೈರು ಬಿಗಿದಿರಲಿಲ್ಲ. ಸಡಿಲವಾಗಿ ಜೋತುಬಿದ್ದು ನೆಲಕ್ಕೆ ತಾಗುವಂತಿತ್ತು. ಅವನು ಅದನ್ನು ಮೊಳಕೈಗೆ ಸುತ್ತಿ ಸುತ್ತಿ ಮೇಲಕ್ಕೆಳೆದುಕೊಳ್ಳುತ್ತಿದ್ದ. ಸುಣ್ಣದ ಗೆರೆ ಬಯಲಿನಲ್ಲಿ ಒಂಟಿಯಾಗಿ ಉಳಿದಿತ್ತು. ಮಿಲ್ಲು ಕಂಬದ ಈಚೆಗೆ ಬಂದು, ಧಡಧಡನೆ ಓಡುತ್ತಿತ್ತು.

"ಅಕ್ಕಾ, ಸುತ್ತಿದ್ದು ಸಾಕಾ?" ತಿಪ್ಪೇಶಿ ಮೇಲಿನಿಂದ ಕೂಗಿದ. "ಕಟ್ಟಿಬಿಡ್ಲಾ ಸುರುಳಿ?"

ಹೊನ್ನೂರಮ್ಮ ಬಾಗಿಲಿಗೆ ಬಂದಳು. ಕಟ್ಟೆಯ ಮೇಲಿನ ಡಬ್ಬಿಗಳನ್ನೂ, ಡಬ್ಬಿಗಳ ಹಿಂದೆ ಮಾತಾಡುತ್ತ ನಿಂತ ಹೆಂಗಸರನ್ನೂ, ಶಾಲು ಹೊದ್ದು ನಿಂತ ನನ್ನನ್ನೂ ನೋಡಿದಳು. ಆಮೇಲೆ ತಲೆಯೆತ್ತಿ, ಊರಿಗೆಲ್ಲ ಕೇಳಿಸುವ ತನ್ನ ಮಿಷನ್ ಬಾಯಲ್ಲಿ ಹೇಳಿದಳು:

"ಕಟ್ಬೇಡ ಕಣಪ್ಪಾ, ಕೈಯಾಗೇ ಹಿಡ್ಕೊಂಡಿರು. ಅದಿನ್ನೂ ಬರ್ತಾ ಐತೆ."